ಅಗ್ಗದ ಕಾರು, ದುಬಾರಿ ಅಚ್ಚು

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಎಂಥ ಗಾಡಿಯಾದರೂ ನಿಲ್ಲದೆ ಹೋಗುತ್ತದೆ. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ, ಮೇಲೆ ತಂತಿಗಳ ಸಾಲು, ಕೆಳಗೆ ಶರಾವತಿ. ಅದಕ್ಕೂ ಮುಂಚೆ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಕರೂರು ಹೋಬಳಿ ಆಚೆ ದಡದಲ್ಲೇ ಉಳಿದಿದ್ದ ಅಷ್ಟೂ ದಶಕ, ಲಾಂಚು ಹತ್ತುವ ಹೊಳೆಬಾಗಿಲಿನಲ್ಲಿ ಕಾರನ್ನು ಅಳೆಯುವ ಕ್ರಮವೇ ಬೇರೆ ಇತ್ತು. ಲಾಂಚಿಗೆ ಬಸ್ಸು ಹತ್ತಿದ ಮೇಲೆ ಉಳಿದ ಜಾಗ ಎಷ್ಟು, ಅದರಲ್ಲಿ ಯಾರದ್ದು ಹಿಡಿಸುತ್ತದೆ, ಇಷ್ಟೇ ಲೆಕ್ಕ. ದೊಡ್ಡ ಕಾರಿನವರು ಮುಂದಿನ ಸರದಿಗೆ ಕಾಯುತ್ತಿದ್ದಾಗ ಮಾರುತಿ 800ರವರು ಪಕ್ಕದ ಕನ್ನಡಿ ಮಡಚಿ ಸಂದಿಗೆ ನುಗ್ಗಿಸಿಬಿಡುತ್ತಿದ್ದರು. ಒಳಗೆ ಕೂತವರಿಗೆ ಬಾಗಿಲು ತೆಗೆಯಲು ಜಾಗವಿಲ್ಲ. ಹಾಗೇ ಕೂತು ದಾಟುತ್ತಿದ್ದರು. ಬೆಲೆಯಲ್ಲಿ ದೊಡ್ಡವರಾರು, ಹೆಸರಿನಲ್ಲಿ ದೊಡ್ಡವರಾರು ಎಂಬುದೆಲ್ಲ ಆ ದಡದಲ್ಲಿ ನಡೆಯುತ್ತಿರಲಿಲ್ಲ.

ಆ ಲಾಂಚು ಹೊತ್ತ ಸಣ್ಣ ಕಾರುಗಳ ಹೆಸರು ನಮ್ಮ ಕಡೆಯವರಿಗೆಲ್ಲ ಬಾಯಿಪಾಠ: 800, ಓಮ್ನಿ, ಆಲ್ಟೋ, ಇಂಡಿಕಾ. ಇದರಲ್ಲಿ ಮೊದಲ ಮೂರು ಜಪಾನಿನ ಸುಜುಕಿಯವರ ನಕ್ಷೆ. ನಾಲ್ಕನೆಯದು ಪುಣೆಯ ಟಾಟಾದವರದ್ದು. ಆದರೆ ನಮ್ಮ ಬೆಂಗಳೂರಿನಲ್ಲೇ ಒಂದಲ್ಲ, ಎರಡು ಸಲ ಜನ ಎದ್ದು ನಿಂತು ಸಣ್ಣ ಕಾರು ಕಟ್ಟಿದ್ದಾರೆ. ಆ ಕಾರುಗಳು ಸಾಗರ, ಹೊಸನಗರ, ತೀರ್ಥಹಳ್ಳಿಯ ರಸ್ತೆಗೆ ಎಂದೂ ಒಗ್ಗಿಕೊಳ್ಳಲಿಲ್ಲ. ತಮಾಷೆಯೆಂದರೆ, ಅವುಗಳ ಮೈ ನಮ್ಮ ಮಳೆಗೇ ಹೇಳಿ ಮಾಡಿಸಿದಂತಿತ್ತು. ಇವತ್ತು ನಾನು ಹೇಳಹೊರಟಿರುವುದು ಆ ಕಾರುಗಳ ಕತೆ.

ಕಾರು ನಮ್ಮಲ್ಲೇ ಆಗಬೇಕೆಂಬ ಹಂಬಲ ಸ್ವಾತಂತ್ರ್ಯಕ್ಕಿಂತ ಹಳೆಯದು. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದ ಸರ್ ಎಂ. ವಿಶ್ವೇಶ್ವರಯ್ಯನವರೇ 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೊಂದು ಕಾರು ಕಾರ್ಖಾನೆಗೆ ಯೋಜನೆ ಬರೆದರು. ಬ್ರಿಟಿಷ್ ಸರ್ಕಾರದ ನೆರವು ಸಿಗಲಿಲ್ಲ. ಅವರ ಜೊತೆಗಿದ್ದ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದೊಂದಿಗೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್‌ನ ಬೇರು ಅದು. ಕಾರಿನ ಕಾರ್ಖಾನೆ ಮಾತ್ರ ಮುಂಬಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ. ಕಾರಿಗಿಂತ ಮೊದಲು ವಿಮಾನ ಕಟ್ಟಿದ ಊರು ಬೆಂಗಳೂರು ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ವಿಮಾನದಲ್ಲಿ ಅಡಿಕೆ ಮೂಟೆ ಮಂಡಿಗೆ ಹೋಗುವುದಿಲ್ಲವಲ್ಲ.

ಅಲ್ಲಿಂದ ಮೂರು ದಶಕ ದಾಟಿ 1970ರ ದಶಕದ ನಡುವಿಗೆ ಬರೋಣ. ಆಗ ದೇಶದಲ್ಲಿ ಕಾರೆಂದರೆ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಕಾಯುವ ಪಟ್ಟಿ ವರ್ಷಗಟ್ಟಲೆ. ಆ ಹೊತ್ತಿನಲ್ಲಿ ಬೆಂಗಳೂರಿನ ಸನ್‌ರೈಸ್ ಎಂಬ ಕಂಪನಿ, ಅಂದರೆ ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದವರು, ಬಾದಲ್ ಎಂಬ ಪುಟಾಣಿ ಗಾಡಿ ಹೊರತಂದರು. ಮುಂದೊಂದು ಚಕ್ರ, ಹಿಂದೆರಡು. ಹಿಂಭಾಗದಲ್ಲಿ 198 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಮೈಯೆಲ್ಲ ಫೈಬರ್. ನೋಡಲು ಆಟೊರಿಕ್ಷಾ ಅಲ್ಲ, ಕಾರೂ ಅಲ್ಲ. ನೋಡಿದವರು ನಕ್ಕಿರಬಹುದು, ನನಗೆ ಮಾತ್ರ ಆ ಗಾಡಿಯ ಮೇಲೆ ಗೌರವವಿದೆ. ಯಾರದೋ ನಕ್ಷೆಗೆ ರಾಯಧನ ಕಟ್ಟದೆ, ಇದ್ದಷ್ಟು ದುಡ್ಡಿನಲ್ಲಿ ನಾಲ್ಕು ಜನ ಮಳೆ ತಾಗದೆ ಹೋಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡವರ ಕೆಲಸ ಅದು.

ಯಾಕೆ ಫೈಬರ್ ಮೈ? ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಗ್ಗದ ಕಾರಿನ ಗುಟ್ಟೆಲ್ಲ ಇಲ್ಲಿದೆ.

ಕಾರಿನ ಒಂದು ಬಾಗಿಲು ತೆಗೆದುಕೊಳ್ಳಿ. ಉಕ್ಕಿನ ತಗಡಿನಿಂದ ಅದು ಆಗಬೇಕಾದರೆ ಒಂದು ಅಚ್ಚು ಸಾಲದು. ಮೊದಲ ಅಚ್ಚು ತಗಡನ್ನು ಒತ್ತಿ ಡುಬ್ಬ ಬರಿಸುತ್ತದೆ. ಎರಡನೆಯದು ಅಂಚು ಕತ್ತರಿಸುತ್ತದೆ. ಇನ್ನೊಂದು ಹಿಡಿಕೆಗೆ, ಬೀಗಕ್ಕೆ ತೂತು ಹೊಡೆಯುತ್ತದೆ. ಮತ್ತೊಂದು ಅಂಚು ಮಡಚುತ್ತದೆ. ಒಂದೊಂದು ಅಚ್ಚೂ ಟನ್‌ಗಟ್ಟಲೆ ತೂಗುವ ಉಕ್ಕಿನ ಗಟ್ಟಿ. ಅದನ್ನು ಕೆತ್ತಿ, ಉಜ್ಜಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ಹೊಂದಿಸಲು ತಿಂಗಳುಗಳು ಬೇಕು. ಅದನ್ನು ಒತ್ತಲು ನೂರಾರು ಟನ್ ಬಲದ ಪ್ರೆಸ್ಸು ಬೇಕು. ಇದು ಬರೀ ಬಾಗಿಲಿನ ಹೊರಮೈಯ ಕತೆ. ಒಳಮೈ, ಚಾವಣಿ, ನೆಲ, ಬಾನೆಟ್ಟು, ಮಡ್‌ಗಾರ್ಡು, ಪ್ರತಿಯೊಂದಕ್ಕೂ ಇಷ್ಟೇ ಪಾಡು. ಮೊದಲ ಕಾರು ಹೊರಬರುವ ಮೊದಲೇ ಕೋಟಿಗಟ್ಟಲೆ ಹಣ ನೆಲಕ್ಕೆ ಹೋಗಿರುತ್ತದೆ. ಆದರೆ ಒಮ್ಮೆ ಅಚ್ಚು ಕೂತಿತೆಂದರೆ ಕೆಲವು ಸೆಕೆಂಡಿಗೊಂದು ಬಾಗಿಲು ಬೀಳುತ್ತದೆ. ಲಕ್ಷ ಕಾರು ಮಾಡಿದರೆ ಅಚ್ಚಿನ ಖರ್ಚು ಲಕ್ಷ ಪಾಲಾಗಿ ಹಂಚಿಹೋಗುತ್ತದೆ.

ಫೈಬರಿನ ದಾರಿ ಬೇರೆ. ಅಚ್ಚು ಕೂಡ ಫೈಬರಿನದೇ. ನಾಲ್ಕು ಜನ ಎತ್ತಿ ಇಡಬಹುದು. ಅದಕ್ಕೆ ಮೇಣ ಉಜ್ಜಿ, ಬಣ್ಣದ ಪದರ ಬಳಿದು, ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ಬ್ರಷ್ಷಿನಲ್ಲಿ ರೆಸಿನ್ ಕುಡಿಸಿ, ರೋಲರ್ ಓಡಿಸಿ ಒಳಗಿನ ಗಾಳಿಗುಳ್ಳೆ ಹೊರಡಿಸಬೇಕು. ಮತ್ತೆ ಚಾಪೆ, ಮತ್ತೆ ರೆಸಿನ್. ಆಮೇಲೆ ಗಟ್ಟಿಯಾಗುವ ತನಕ ಕೈಕಟ್ಟಿ ಕೂರಬೇಕು. ಪ್ರೆಸ್ಸು ಬೇಡ, ದೊಡ್ಡ ಬಂಡವಾಳ ಬೇಡ, ಒಂದು ಶೆಡ್ಡು ಸಾಕು. ಆದರೆ ಮನೆಯಲ್ಲಿ ಹಲಸಿನ ಹಪ್ಪಳ ಹಚ್ಚಿದ ಹಾಗೆ ಇದು: ಮೊದಲ ಹಪ್ಪಳಕ್ಕೆ ಎಷ್ಟು ಕೈಕೆಲಸವೋ ನೂರನೆಯದಕ್ಕೂ ಅಷ್ಟೇ. ಎಷ್ಟು ಮಾಡಿದರೂ ಒಂದರ ಖರ್ಚು ಇಳಿಯುವುದಿಲ್ಲ.

ಬಾದಲಿನವರು, ಮುಂದೆ ಅದೇ ಕಂಪನಿಯ ಡಾಲ್ಫಿನ್‌ನವರು ಸಿಕ್ಕಿಬಿದ್ದದ್ದು ಇಲ್ಲಿ. ಹಣ ಇರಲಿಲ್ಲವಾದ್ದರಿಂದ ಅಗ್ಗದ ಅಚ್ಚು. ಅಗ್ಗದ ಅಚ್ಚಾದ್ದರಿಂದ ಕಾರು ಅಗ್ಗವಾಗಲಿಲ್ಲ. ಬಡವರ ಕಾರನ್ನು ಬಡ ಬಂಡವಾಳದಲ್ಲಿ ಮಾಡಲು ಆಗುವುದಿಲ್ಲ ಎಂಬ ಮಾತು ಕಟುವಾಗಿ ಕೇಳಬಹುದು. ಆದರೆ ಈ ದೇಶದ ಸಣ್ಣ ಕಾರುಗಳ ಏಳುಬೀಳನ್ನು ನೋಡಿದರೆ ನನಗೆ ಬೇರೆ ತೀರ್ಮಾನಕ್ಕೆ ಬರಲು ಆಗಿಲ್ಲ.

ಡಾಲ್ಫಿನ್ 1982ರ ಗಾಡಿ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ನಕ್ಷೆ ತಂದು ಬೆಂಗಳೂರಿನಲ್ಲಿ ಕಟ್ಟಿದ್ದು. 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಮೈ, ಎರಡೇ ಬಾಗಿಲು. ಮೈ ಹಗುರವಾದ್ದರಿಂದ ರ‍್ಯಾಲಿ ಓಡಿಸುವ ಹುಡುಗರಿಗೆ ಅದರ ಮೇಲೆ ಪ್ರೀತಿ. ಸಂಸಾರಸ್ಥರಿಗೆ ಎರಡು ಬಾಗಿಲು ಸರಿಬರಲಿಲ್ಲ. ಸೀರೆ ಉಟ್ಟ ಅಜ್ಜಿಯನ್ನು ಮುಂದಿನ ಸೀಟು ಮಡಚಿ ಹಿಂದಕ್ಕೆ ಕೂರಿಸುವುದು ಹೇಗೆ, ನೀವೇ ಹೇಳಿ. ಮುಂದೆ ಮೊಂಟಾನಾ ಎಂದು ನಾಲ್ಕು ಬಾಗಿಲಿನದ್ದನ್ನೂ ತಂದರು. ಅಷ್ಟರಲ್ಲಿ 1983ರ ಡಿಸೆಂಬರ್ ಕಳೆದಿತ್ತು. ಸರ್ಕಾರದ ಹಣ, ಸುಜುಕಿಯ ತಗಡಿನ ಅಚ್ಚು, ಹರಿಯಾಣದ ಕಾರ್ಖಾನೆ ಸೇರಿ ಮಾರುತಿ 800 ಹೊರಬಂದಿತ್ತು, ಬೆಲೆ ಐವತ್ತು ಸಾವಿರದ ಆಸುಪಾಸು. ಫೈಬರಿನ ಶೆಡ್ಡು ಆ ಪ್ರೆಸ್ಸಿನ ಮುಂದೆ ಏನು ಮಾಡೀತು?

ಈಗ ನಮ್ಮ ಮಳೆಯ ವಿಷಯ. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು, ಹುಲಿಕಲ್ಲು ಹೊಸನಗರದ್ದು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳೆಂದು ಪ್ರತಿವರ್ಷ ಪೇಪರಿನಲ್ಲಿ ಪೈಪೋಟಿ ನಡೆಸುವ ಊರುಗಳು. ಇಲ್ಲಿ ಕಾರು ಸಾಯುವುದು ಎಂಜಿನ್ ಕೆಟ್ಟು ಅಲ್ಲ, ತುಕ್ಕು ಹಿಡಿದು. ಬಾಗಿಲಿನ ಅಡಿಯಂಚಿನಲ್ಲಿ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ತೋಟದ ದಾರಿಯಲ್ಲಿ, ಮರದಡಿ ನಿಲ್ಲಿಸಿದ ಗಾಡಿಯಲ್ಲಿ, ಎಲೆಚೂರು, ಕೆಮ್ಮಣ್ಣು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಗಾಜಿನ ಸಂದಿಯಿಂದ ಇಳಿದ ನೀರು ಬಾಗಿಲಿನೊಳಗೇ ನಿಲ್ಲುತ್ತದೆ. ಹೊರಗಿನ ಬಣ್ಣ ಗುಳ್ಳೆ ಎದ್ದದ್ದು ಕಾಣುವ ಹೊತ್ತಿಗೆ ಒಳಗಿನ ತಗಡು ಹಳೆಯ ದೋಸೆಕಾವಲಿಯ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಪುಡಿ. ಚಾಲಕನ ಕಾಲಡಿಯ ಮ್ಯಾಟು ಎತ್ತಿದರೆ ರಸ್ತೆ ಕಾಣುವ ಓಮ್ನಿಗಳನ್ನು ನಮ್ಮ ಕಡೆ ನೋಡದವರಿಲ್ಲ. ಗ್ಯಾರೇಜಿನ ಟಿಂಕರಿಂಗ್‌ನವರು ಅಷ್ಟಗಲ ಕತ್ತರಿಸಿ, ಬೇರೆ ತಗಡಿಟ್ಟು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದು ಇನ್ನೆರಡು ಮಳೆಗಾಲಕ್ಕೆ ಆಯುಸ್ಸು ಕೊಡುತ್ತಾರೆ.

ಫೈಬರಿಗೆ ಈ ರೋಗವೇ ಇಲ್ಲ. ಮೈಗೆ ತುಕ್ಕಿಲ್ಲ, ಕೆಳಗಿನ ಉಕ್ಕಿನ ಚೌಕಟ್ಟಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದುಕೊಂಡರೆ ಆಯಿತು. ಹಾಗಾದರೆ ಮಲೆನಾಡಿನವರು ಯಾಕೆ ಮುಗಿಬೀಳಲಿಲ್ಲ? ಯಾಕೆಂದರೆ ನಮ್ಮ ಗ್ಯಾರೇಜು ತಗಡಿನದ್ದು. ಗುದ್ದಿಸಿಕೊಂಡು ಬಂದ ಫೈಬರ್ ಗಾಡಿ ನೋಡಿದರೆ ಅಲ್ಲಿ ಬರುವ ಮಾತು ಒಂದೇ: “ತಗಡಾದ್ರೆ ಬಡ್ದು ಕೊಡ್ತಿದ್ದೆ ಮಾರಾಯ್ರೆ, ಇದನ್ನೆಂಥ ಬಡಿಯೋದು?” ತಗಡು ನೆಗ್ಗುತ್ತದೆ, ಫೈಬರ್ ಸೀಳುತ್ತದೆ. ಸೀಳಿದ್ದನ್ನು ರೆಸಿನ್ ಹಾಕಿ ಸರಿಮಾಡುವುದು ಕಷ್ಟವೇನಲ್ಲ, ಆದರೆ ಅದನ್ನು ಬಲ್ಲ ಕೈ ಊರಿನಲ್ಲಿ ಇರಬೇಕು. ಸ್ಪೇರ್ ಪಾರ್ಟ್ ಬೆಂಗಳೂರಿನಿಂದ ಬಸ್ಸಿನ ಮೇಲೆ ಬರಬೇಕು. ಒಂದು ಕ್ಲಚ್ ಕೇಬಲ್ಲಿಗೆ ನಾಲ್ಕು ದಿನ ಕಾರು ನಿಲ್ಲುವುದಾದರೆ, ಅಂಗಡಿಯಲ್ಲಿ ಕೊಟ್ಟ ಬೆಲೆ ಕಡಿಮೆಯಿದ್ದು ಏನು ಬಂತು? ಮಾರುತಿಯ ನಿಜವಾದ ಬಲ ಅದರ ಎಂಜಿನ್ನಿನಲ್ಲಿ ಮಾತ್ರ ಇರಲಿಲ್ಲ. ಹಿನ್ನೀರಿನಾಚೆಯ ತುಮರಿಯಂಥ ಕಡೆಯಲ್ಲೂ ಅದರ ಪ್ಲಗ್ಗು, ಫಿಲ್ಟರು ಸಿಗುತ್ತಿತ್ತು ಎಂಬುದರಲ್ಲಿತ್ತು.

ಇಂಡಿಕಾದ ಕತೆಯನ್ನು ಇಲ್ಲಿ ಸೇರಿಸಲೇಬೇಕು, ಅದು ಕರ್ನಾಟಕದ್ದಲ್ಲದಿದ್ದರೂ. ಲಾರಿ ಮಾಡುತ್ತಿದ್ದ ಟಾಟಾದವರು ಸುಮಾರು 1,700 ಕೋಟಿ ರೂಪಾಯಿ ಸುರಿದು, ಆಸ್ಟ್ರೇಲಿಯದಲ್ಲಿ ಮುಚ್ಚಿಹೋಗಿದ್ದ ನಿಸ್ಸಾನ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ಪುಣೆಗೆ ತಂದು ಜೋಡಿಸಿ ಮಾಡಿದ ಕಾರು ಅದು. ಒಳಗೆ ಅಂಬಾಸಿಡರಿನಷ್ಟು ಜಾಗ, ಹೊರಗೆ ಸಣ್ಣ ಕಾರಿನ ಅಳತೆ, ಓಡಿಸಲು ಡೀಸೆಲ್ಲಿನ ಉಳಿತಾಯ, ಇದು ರತನ್ ಟಾಟಾ ಇಟ್ಟ ಬೇಡಿಕೆ. 1998ರ ಕೊನೆಗೆ ಮಾರುಕಟ್ಟೆಗೆ ಬಂದಾಗ ಜನ ಮುಗಿಬಿದ್ದರು. ಮೊದಲ ಗಾಡಿಗಳ ಬಗ್ಗೆ ದೂರಿನ ಸುರಿಮಳೆಯೂ ಆಯಿತು. ನನಗೆ ಅದರಲ್ಲಿ ಮುಖ್ಯ ಅನಿಸುವುದು ಆಮೇಲಿನ ಹೆಜ್ಜೆ. ದೂರು ಕೇಳಿಸಿಕೊಂಡು, ತಪ್ಪು ತಿದ್ದಿ, 2001ರಲ್ಲಿ ವಿ2 ಎಂದು ಮತ್ತೆ ತಂದರು. ಹಾಗೆ ತಪ್ಪು ತಿದ್ದಿಕೊಳ್ಳಲೂ ದುಡ್ಡು ಬೇಕು. ಸಿಪಾನಿಯವರಿಗೆ ಆ ಎರಡನೆಯ ಅವಕಾಶ ಎಲ್ಲಿತ್ತು? ಮುಂದೆ ಹಳದಿ ಬೋರ್ಡಿನ ಇಂಡಿಕಾ ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ತುಂಬಿಕೊಂಡಿತು. ಹುಲಿಕಲ್ ಘಾಟಿಯಲ್ಲಿ ಐದು ಜನ, ಮೇಲೆ ಸಾಮಾನು ಹೊತ್ತು ಎರಡನೇ ಗೇರಿನಲ್ಲಿ ಕರಿಹೊಗೆ ಬಿಡುತ್ತಾ ಹತ್ತಿದ ಇಂಡಿಕಾಗಳ ಲೆಕ್ಕ ಇಟ್ಟವರಿಲ್ಲ.

ನಮ್ಮ ದೇಶದ ಸಣ್ಣ ಕಾರಿನ ಆಕಾರ ಬರೆದವರಲ್ಲಿ ಸುಂಕದ ಇಲಾಖೆಯವರೂ ಇದ್ದಾರೆ ಎಂಬುದನ್ನು ಈ ನಡುವೆ ಹೇಳಿಬಿಡುತ್ತೇನೆ. 2006ರ ಬಜೆಟ್ಟಿನಲ್ಲಿ ಒಂದು ಗೆರೆ ಎಳೆದರು: ಉದ್ದ ನಾಲ್ಕು ಮೀಟರಿನ ಒಳಗೆ, ಪೆಟ್ರೋಲಾದರೆ 1,200 ಸಿಸಿ, ಡೀಸೆಲ್ಲಾದರೆ 1,500 ಸಿಸಿ ಮೀರದಿದ್ದರೆ ಅಬಕಾರಿ ಸುಂಕ 24ರಿಂದ ಶೇಕಡ 16ಕ್ಕೆ. ಅಷ್ಟಕ್ಕೇ 2012ರಲ್ಲಿ ಮಾರುತಿಯವರು ಡಿಸೈರ್ ಕಾರಿನ ಡಿಕ್ಕಿಯನ್ನು ಮೊಟಕು ಮಾಡಿ ನಾಲ್ಕು ಮೀಟರಿನೊಳಕ್ಕೆ ತುರುಕಿದರು. ಅದರ ಹಿಂಭಾಗ ನೋಡಿದಾಗ ಏನೋ ಕೊಯ್ದಂತೆ ಕಂಡಿದ್ದರೆ, ಕೊಯ್ದ ಕತ್ತಿ ದೆಹಲಿಯದ್ದು.

ಟಾಟಾದವರ ನ್ಯಾನೊ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 2008ರ ಜನವರಿಯಲ್ಲಿ ತೋರಿಸಿದ್ದು, ಒಂದು ಲಕ್ಷದ ಕಾರೆಂದು. ಪಶ್ಚಿಮ ಬಂಗಾಳದ ಸಿಂಗೂರಿನಿಂದ ಎದ್ದ ಕಾರ್ಖಾನೆಯನ್ನು ಕರ್ನಾಟಕವೂ ಕರೆದಿತ್ತು, ಅದು ಗುಜರಾತಿನ ಸಾನಂದಕ್ಕೆ ಹೋಯಿತು. ಚಕ್ರಕ್ಕೆ ಮೂರೇ ನಟ್ಟು, ಗಾಜಿಗೆ ಒಂದೇ ವೈಪರ್, ಹಿಂದೆ ಎರಡು ಸಿಲಿಂಡರಿನ ಎಂಜಿನ್. ಉಳಿತಾಯಕ್ಕೆಂದು ಹಿಂಬದಿಯ ಬಾಗಿಲನ್ನೇ ತೆರೆಯದಂತೆ ಮಾಡಿದ್ದರು. ಡಿಕ್ಕಿಗೆ ಏನಿಡಬೇಕಾದರೂ ಒಳಗಿನಿಂದ ಸೀಟು ಮಡಚಿ ಇಡಬೇಕು. ಬಾಳೆಗೊನೆ, ತೆಂಗಿನಕಾಯಿ ಚೀಲ, ಸುಲಿದಡಿಕೆ ಮೂಟೆ ಸಾಗಿಸುವ ನಮ್ಮವರಿಗೆ ಇದೊಂದೇ ಸಾಕಿತ್ತು ಬೇಡವೆನ್ನಲು. ತೆರೆಯುವ ಹಿಂಬಾಗಿಲು ಬಂದದ್ದು 2015ರಲ್ಲಿ. ಜೊತೆಗೆ, ಮದುವೆ ಮನೆ ಚಪ್ಪರದ ಮುಂದೆ ದೇಶದಲ್ಲೇ ಅತ್ಯಂತ ಅಗ್ಗದ ಕಾರಿನಿಂದ ಇಳಿಯಲು ಯಾರಿಗೆ ಮನಸ್ಸಾಗುತ್ತದೆ? ಅಗ್ಗ ಎಂದು ಸಾರಿದ್ದೇ ಎಡವಟ್ಟಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. 2018ರ ಹೊತ್ತಿಗೆ ನ್ಯಾನೊ ನಿಂತಿತು. ಎಂಜಿನಿಯರಿಂಗ್ ಜಾಣತನದಲ್ಲಿ ಅದಕ್ಕೆ ಸಮನಾದದ್ದು ಈ ದೇಶದಲ್ಲಿ ಬಂದಿಲ್ಲ ಎಂಬ ಮಾತನ್ನೂ ಸೇರಿಸದಿದ್ದರೆ ಅನ್ಯಾಯವಾಗುತ್ತದೆ.

ಮತ್ತೆ ಬೆಂಗಳೂರಿಗೆ ಹೋಗೋಣ, ಎರಡನೆಯ ಸಲಕ್ಕೆ. ಚೇತನ್ ಮೈನಿ ಎಂಬ ಬೆಂಗಳೂರಿನ ಹುಡುಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬಿಸಿಲಿನಿಂದ ಓಡುವ ಕಾರಿನ ತಂಡದಲ್ಲಿದ್ದ. 1990ರಲ್ಲಿ ಆ ಕಾರು ಅಮೆರಿಕದ ಸೌರ ಕಾರುಗಳ ಓಟದಲ್ಲಿ ಗೆದ್ದಿತು, ಆಸ್ಟ್ರೇಲಿಯದ ಮರುಭೂಮಿ ದಾಟುವ ಓಟದಲ್ಲಿ ಮೂರನೆಯದಾಗಿ ಬಂತು. ಊರಿಗೆ ಮರಳಿದ ಮೇಲೆ ತಂದೆ ಸುದರ್ಶನ್ ಮೈನಿಯವರ ಸಂಸ್ಥೆ ಮತ್ತು ಕ್ಯಾಲಿಫೋರ್ನಿಯದ ಅಮೆರಿಗಾನ್ ಕಂಪನಿ ಸೇರಿ ಹುಟ್ಟುಹಾಕಿದ ಯೋಜನೆಯಿಂದ ರೇವಾ ಬಂತು. ತಾಯಿಯ ಹೆಸರು ಕಾರಿಗೆ. ಬೆಂಗಳೂರಿನ ರಸ್ತೆಗೆ ಇಳಿದದ್ದು 2001ರಲ್ಲಿ. ಟೆಸ್ಲಾ ಎಂಬ ಕಂಪನಿ ಇನ್ನೂ ಹುಟ್ಟಿರಲಿಲ್ಲ.

ರೇವಾದಲ್ಲಿ ನನಗೆ ಹಿಡಿಸಿದ್ದು ಅದರ ಕಟ್ಟುಪಾಡು. ಕೊಳವೆ ಉಕ್ಕಿನ ಚೌಕಟ್ಟು, ಅದರ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ. ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಎಳೆದರೆ ಮೈ ತಯಾರು. ಬಣ್ಣ ಹೊರಗಿನಿಂದ ಬಳಿದದ್ದಲ್ಲ, ಪ್ಲಾಸ್ಟಿಕ್ಕಿನಲ್ಲೇ ಇದೆ. ಗೀಚಿದರೂ ಒಳಗೆ ಅದೇ ಬಣ್ಣ. ಸಣ್ಣ ಗುದ್ದಿಗೆ ಒಳಕ್ಕೆ ಹೋಗಿ ಮತ್ತೆ ಸೆಟೆದುಕೊಳ್ಳುತ್ತದೆ. ಪ್ರೆಸ್ಸಿಲ್ಲ, ತುಕ್ಕಿಲ್ಲ, ಬಣ್ಣದ ಮನೆಯೂ ಬೇಡ. ವರ್ಷಕ್ಕೆ ಕೆಲವೇ ಸಾವಿರ ಕಾರು ಮಾಡಿದರೂ ನಡೆಯಬಹುದಾದ ಕಾರ್ಖಾನೆ ಅದು. ಬಾದಲಿನವರ ಗಂಟು ಬಿಚ್ಚಲು ನಡೆದ ಎರಡನೆಯ ಪ್ರಯತ್ನ ಎಂದೇ ನಾನು ಅದನ್ನು ನೋಡುತ್ತೇನೆ. ಆದರೆ ಈ ಸಲ ದುಬಾರಿಯಾದದ್ದು ಮೈ ಅಲ್ಲ, ಹೊಟ್ಟೆ. ಸೀಟಿನ ಅಡಿಯಲ್ಲಿ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಕಾರಿನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ಅದೇ. ಕೆಲವು ವರ್ಷಕ್ಕೊಮ್ಮೆ ಅದಷ್ಟನ್ನೂ ಬದಲಿಸಬೇಕು, ಅದಕ್ಕೆ ದೊಡ್ಡ ಮೊತ್ತವೇ ಬೇಕು. ಹದಿನೈದು ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಸುಮಾರು ಒಂಬತ್ತು ಯೂನಿಟ್ ಕರೆಂಟು ಕುಡಿದು 80 ಕಿಲೋಮೀಟರ್ ಓಡುತ್ತದೆ ಎಂಬುದು ಕಂಪನಿಯ ಮಾತು. ಮುಂದೆ ಇಬ್ಬರು, ಹಿಂದೆ ಎರಡು ಮಕ್ಕಳು.

ಸಾಗರದಿಂದ ಸಿಗಂದೂರಿಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಹೋಗಿ ಬರುವಷ್ಟರಲ್ಲಿ ಕಾಗದದ ಮೇಲಿನ 80 ಮುಗಿಯುತ್ತದೆ, ಅದೂ ರಸ್ತೆ ಸಮತಟ್ಟಾಗಿದ್ದರೆ. ಚಡಾವಿನ ಲೆಕ್ಕ ಬೇರೆ, ಅದನ್ನು ಬಾಯಲ್ಲೇ ಹಾಕಬಹುದು. ಇಬ್ಬರು ಕೂತ ರೇವಾ ಹತ್ತಿರ ಹತ್ತಿರ 900 ಕಿಲೋ. ಆಗುಂಬೆ ಘಾಟಿಯಂಥದ್ದನ್ನು ಹತ್ತುವಾಗ ಅದು ಸುಮಾರು 500 ಮೀಟರ್ ಎತ್ತರಕ್ಕೆ ಏರಬೇಕು. ಬರೀ ಆ ತೂಕವನ್ನು ಎತ್ತಲು ಬೇಕಾದ ಶಕ್ತಿಯೇ ಒಂದೂಕಾಲು ಯೂನಿಟ್. ಮೋಟಾರು, ವೈರು, ಚಕ್ರದಲ್ಲಿ ಪೋಲಾಗುವುದು, ದಾರಿ ಸವೆಸಲು ಬೇಕಾದದ್ದು ಎಲ್ಲ ಸೇರಿದರೆ ಎರಡು ಯೂನಿಟ್ ದಾಟುತ್ತದೆ. ಇದ್ದ ಒಂಬತ್ತರಲ್ಲಿ ಎರಡು ಒಂದೇ ಘಾಟಿಗೆ! ಇಳಿಯುವಾಗ ಮೋಟಾರೇ ಜನರೇಟರಾಗಿ ಸ್ವಲ್ಪ ವಾಪಸು ತುಂಬಿಸುತ್ತದೆ, ನಿಜ. ಆದರೆ ಸೀಸದ ಬ್ಯಾಟರಿಗೆ ಅವಸರದಲ್ಲಿ ತುಂಬಿಸಿದ್ದನ್ನು ನುಂಗುವ ಶಕ್ತಿ ಕಡಿಮೆ. ಜೊತೆಗೆ, ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲಲ್ಲಿ ಕೂರುವ ಊರುಗಳು ನಮ್ಮವು. ಮನೆಯ ದೀಪಕ್ಕೇ ಇಲ್ಲದ ಕರೆಂಟು ಕಾರಿಗೆಲ್ಲಿಂದ? ಇಡೀ ರಾಜ್ಯಕ್ಕೆ ಬೆಳಕು ಕೊಡಲು ಊರು ಮುಳುಗಿಸಿಕೊಂಡವರ ಕಡೆಯ ಮಾತು ಇದು, ನೆನಪಿರಲಿ.

ಹೀಗಾಗಿ ರೇವಾ ನಗರದಲ್ಲೇ ಉಳಿಯಿತು. ಬೆಂಗಳೂರಿಗಿಂತ ಹೆಚ್ಚು ಹೆಸರು ಮಾಡಿದ್ದು ಲಂಡನ್ನಿನಲ್ಲಿ, ಜಿ-ವಿಜ್ ಎಂಬ ಹೆಸರಿನಲ್ಲಿ. ನಗರದ ನಡುವೆ ಕಾರು ತಂದರೆ ಕಟ್ಟಬೇಕಾದ ಸುಂಕ ಅಲ್ಲಿ 2003ರಲ್ಲಿ ಶುರುವಾಗಿತ್ತು. ಕರೆಂಟಿನ ಗಾಡಿಗೆ ಆಗ ಅದು ಮಾಫಿಯಾಗಿತ್ತು. ಸಾವಿರಕ್ಕೂ ಹೆಚ್ಚು ರೇವಾಗಳು ಅಲ್ಲಿ ಓಡಿದವು. ಅಪಘಾತದಲ್ಲಿ ಅದರ ಗಟ್ಟಿತನ ಸಾಲದೆಂದು ಅಲ್ಲಿನ ಪತ್ರಿಕೆಗಳು ಝಾಡಿಸಿದವು. ಆ ಟೀಕೆ ಸುಳ್ಳಲ್ಲ, ಕಂಪನಿಯವರು ಮುಂದಿನ ಮಾದರಿಯಲ್ಲಿ ಚೌಕಟ್ಟು, ಬ್ರೇಕು ಎರಡನ್ನೂ ಬಿಗಿಮಾಡಿದರು. ನಮ್ಮಲ್ಲಿ ಮಾತ್ರ ಆಗ ಮಾರುತಿ 800 ಎರಡು ಲಕ್ಷದ ಆಸುಪಾಸಿಗೆ ಸಿಗುತ್ತಿದ್ದಾಗ ಅದಕ್ಕಿಂತ ಹೆಚ್ಚು ಕೊಟ್ಟು, ಅರ್ಧ ಸಂಸಾರಕ್ಕೆ ಸೀಟಿಲ್ಲದ ಕಾರು ಕೊಳ್ಳುವವರು ಕಡಿಮೆ. 2010ರಲ್ಲಿ ಮಹೀಂದ್ರಾ ಕಂಪನಿ ಹೆಚ್ಚಿನ ಪಾಲು ಕೊಂಡಿತು. ಬೊಮ್ಮಸಂದ್ರದಲ್ಲಿ ವರ್ಷಕ್ಕೆ ಮೂವತ್ತು ಸಾವಿರ ಕಾರು ಮಾಡಬಲ್ಲ ಕಾರ್ಖಾನೆ ಎದ್ದಿತು. ಲಿಥಿಯಂ ಬ್ಯಾಟರಿಯ ಇ2ಒ 2013ರಲ್ಲಿ ಬಂತು, ಮತ್ತೆ ಪ್ಲಾಸ್ಟಿಕ್ ಮೈ. 2019ರಲ್ಲಿ ಅದೂ ನಿಂತಿತು. ಆ ಕಾರ್ಖಾನೆಯಿಂದ ಬಂದ ಕಾರುಗಳು ಅದರ ಶಕ್ತಿಯ ಚಿಕ್ಕ ಪಾಲು ಮಾತ್ರ. ಮೊದಲು ಅಚ್ಚಿಗೆ ದುಡ್ಡಿರಲಿಲ್ಲ. ಈಗ ಅಚ್ಚು, ಕಾರ್ಖಾನೆ, ದುಡ್ಡು ಎಲ್ಲ ಇತ್ತು, ಊರೂರಿನಲ್ಲಿ ಪ್ಲಗ್ಗಿರಲಿಲ್ಲ, ಬ್ಯಾಟರಿಯ ಬೆಲೆ ಇಳಿದಿರಲಿಲ್ಲ. ರೇವಾದವರು ಬೇಗ ಬಂದರು ಎಂದು ಹೇಳುವುದು ಸುಲಭ. ನನ್ನ ಮಟ್ಟಿಗೆ, ಅವರು ಬಂದದ್ದು ಸರಿಯಾದ ಹೊತ್ತಿಗೇ. ಬ್ಯಾಟರಿಯ ಕಾರ್ಖಾನೆಗೂ ಚಾರ್ಜಿಂಗಿಗೂ ಆಗಲೇ ಹಣ ಹೂಡಬೇಕಿದ್ದವರು ಹತ್ತು ವರ್ಷ ತಡವಾಗಿ ಬಂದರು.

ಈಗ ಪರಿಸ್ಥಿತಿ ಬೇರೆ. ಲಿಥಿಯಂ ಬ್ಯಾಟರಿಯ ಸಣ್ಣ ಕಾರು ಒಂದು ಚಾರ್ಜಿಗೆ ಇನ್ನೂರು ಕಿಲೋಮೀಟರ್ ಓಡುತ್ತದೆ. ಸೇತುವೆಯ ಮೇಲೆ ಸಿಗಂದೂರಿಗೆ ಹೋಗಿ, ದೇವಿಯ ದರ್ಶನ ಮುಗಿಸಿ, ಬರುವಾಗ ಜೋಗವನ್ನೂ ನೋಡಿ ಮನೆ ಸೇರಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡ 18ಕ್ಕೆ ಇಳಿದಿದೆ, ಕರೆಂಟಿನ ಕಾರಿಗೆ ಶೇಕಡ 5. ಬೆಲೆಯ ಅಂತರ ಇದ್ದೇ ಇದೆ, ಆದರೆ ಮೊದಲಿನಷ್ಟಿಲ್ಲ. ಇನ್ನು ನಮ್ಮ ಗ್ಯಾರೇಜಿನವರ ಸರದಿ. ಮುನ್ನೂರು ವೋಲ್ಟಿನ ಬ್ಯಾಟರಿಗೆ ಸ್ಪ್ಯಾನರ್ ಹಾಕುವುದು ಕಾರ್ಬ್ಯುರೇಟರ್ ಬಿಚ್ಚಿದಷ್ಟು ಸಲೀಸಲ್ಲ. ರಬ್ಬರ್ ಗ್ಲೌಸು, ಬೇರೆ ಮೀಟರು, ಬೇರೆಯೇ ತರಬೇತಿ ಬೇಕು. ಸಾಗರ, ತೀರ್ಥಹಳ್ಳಿ, ಹೊಸನಗರದ ಹುಡುಗರಿಗೆ ಅದನ್ನು ಐಟಿಐನಲ್ಲಿ ಕಲಿಸದಿದ್ದರೆ, ಬೆಂಗಳೂರಿನ ಬಸ್ಸಿಗೆ ಕಾದು ನಿಲ್ಲುವ ಹಳೆಯ ಪಾಡೇ ಮತ್ತೆ.

ಇನ್ನೊಂದು ಮಾತು, ಶಿವಮೊಗ್ಗದ ಫೌಂಡ್ರಿಗಳದ್ದು. ಅಲ್ಲಿಯ ಕುಲುಮೆಗಳು ವರ್ಷಗಳಿಂದ ವಾಹನಗಳಿಗೆ ಬೇಕಾದ ಬಿಡಿಭಾಗಗಳನ್ನು ಎರಕ ಹೊಯ್ಯುತ್ತ ಬಂದಿವೆ. ಸಿಲಿಂಡರಿನೊಳಗೆ ಕೂರುವ ಲೈನರುಗಳನ್ನೂ ಶಿವಮೊಗ್ಗದಲ್ಲಿ ಮಾಡುತ್ತಾರೆ. ಕರೆಂಟಿನ ಕಾರಿನಲ್ಲಿ ಸಿಲಿಂಡರೇ ಇಲ್ಲ, ಲೈನರೂ ಬೇಡ, ಪಿಸ್ಟನ್ನೂ ಬೇಡ. ಅಗ್ಗದ ಕಾರು ಬಂದರೆ ಒಳ್ಳೆಯದೇ ಎಂದು ನಾವು ಕೊಳ್ಳುವವರ ಕಡೆಯಿಂದ ಹೇಳುತ್ತೇವೆ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಪಾಳಿ ಮುಗಿಸಿ ಬರುವ ಕಾರ್ಮಿಕರ ಕಡೆಯಿಂದ ಅದು ಇನ್ನೊಂದು ಥರ ಕಾಣುತ್ತದೆ. ಮೋಟಾರಿನ ಹೊರಕವಚ, ಬ್ರೇಕಿನ ಡ್ರಮ್ಮು, ಚಕ್ರ ಹಿಡಿಯುವ ತೋಳುಗಳು ಹೊಸ ಕಾರಿನಲ್ಲೂ ಇರುತ್ತವೆ, ಅವುಗಳಲ್ಲಿ ಹಲವು ಅಲ್ಯುಮಿನಿಯಮ್ಮಿಗೆ ತಿರುಗುತ್ತಿವೆ. ಕಬ್ಬಿಣದ ಕುಲುಮೆಯನ್ನು ಅದಕ್ಕೆ ಹೊಂದಿಸಲು ಮತ್ತೆ ಹೊಸ ಅಚ್ಚು ಬೇಕು, ಹೊಸ ಸಾಲ ಬೇಕು. ಆ ಸಾಲವನ್ನು ಯಾವ ಬ್ಯಾಂಕು, ಯಾವ ಬಡ್ಡಿಗೆ, ಎಷ್ಟು ವರ್ಷಕ್ಕೆ ಕೊಡುತ್ತದೆ ಎಂಬುದರ ಮೇಲೆ ನಮ್ಮ ಕಡೆಯ ಕೈಗಳಿಗೆ ಮುಂದಿನ ಕಾರಿನಲ್ಲಿ ಪಾಲು ಸಿಗುತ್ತದೋ ಇಲ್ಲವೋ ಎಂಬುದು ನಿಂತಿದೆ.